ಅಕ್ಕಿಕಾಳಿನ ಹೊತ್ತಿಗೆ ನಿಂತುಬಿಡುತ್ತಿದ್ದ ಮದುವೆ

ನಾನು ಮದುವೆಗಳಿಗೆ ಹೋಗುವುದಿಲ್ಲ. ಮದುವೆಗಳೇ ನನ್ನ ಮನೆಗೆ ಬರುತ್ತವೆ. ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಸಿಕೊಂಡು, ಕೊಪ್ಪಳದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತವೆ. ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ಅವನ್ನು ಇಳಿಸಿಕೊಂಡು, ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿಗೆ ಜೋಡಿಸಿ, ಕತ್ತರಿಸಿ, ಹಾಡು ಕೂಡಿಸಿ ವಾಪಸು ಕಳಿಸುವುದು ನನ್ನ ಕೆಲಸ. "ಊರಾಗಿನ ಲಗ್ನ ಎಲ್ಲಾ ನಿನ್ನ ಮನ್ಯಾಗ ಆಗತಾವ, ನಿಂದೊಂದ ಆಗಲಿಲ್ಲ ನೋಡವಾ" ಎಂದು ಎದುರುಮನೆಯ ಅಮ್ಮ ಆಗಾಗ ಕಾಲೆಳೆಯುತ್ತಾಳೆ. ನಾನೂ ನಗುತ್ತೇನೆ. ನಲವತ್ತು ದಾಟಿದ ಮೇಲೆ ಆ ಮಾತು ಚುಚ್ಚುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ. ಚುಚ್ಚುತ್ತದೆ.

ಈ ಕೆಲಸದಲ್ಲಿ ಎಲ್ಲರೂ ನನಗೆ ಪರಿಚಯ, ನಾನು ಯಾರಿಗೂ ಪರಿಚಯವಿಲ್ಲ. ಒಬ್ಬ ಮದುಮಗಳು ಅಳುವಾಗ ಮೊದಲು ಯಾವ ಕಣ್ಣು ಒರೆಸಿಕೊಳ್ಳುತ್ತಾಳೆ ಎಂಬುದೂ ನನಗೆ ಗೊತ್ತಿರುತ್ತದೆ. ಒಮ್ಮೆ ಕುಷ್ಟಗಿಯ ಸಂತೆಯಲ್ಲಿ ಅಂಥ ಒಬ್ಬಳನ್ನು ಕಂಡು, ಬಾಯಿ ತಪ್ಪಿ "ಆರಾಮ ಅದೀಯೇನ ತಂಗಿ?" ಎಂದುಬಿಟ್ಟೆ. ಆಕೆ ಚೀಲವನ್ನು ಎದೆಗೆ ಒತ್ತಿಕೊಂಡು ಗಂಡನ ಹಿಂದೆ ಸರಿದಳು. ಆಮೇಲೆ ಸಂತೆಯಲ್ಲಿ ನಾನು ತರಕಾರಿಯನ್ನು ಮಾತ್ರ ನೋಡುತ್ತೇನೆ. ನನಗೆ ಬರುವ ಫೋನುಗಳೂ ಹೆಚ್ಚು ಕಡಿಮೆ ಒಂದೇ ಮಾತಿನವು, "ಆತೇನ್ರಿ?" ವಿಡಿಯೋ ಮುಗಿಯಿತೇ ಎಂದು ಕೇಳುವುದು ಅಷ್ಟೇ. ಆಯಿತು ಎಂದರೆ ಇಡುತ್ತಾರೆ, ಇಲ್ಲ ಎಂದರೆ ಬಯ್ದು ಇಡುತ್ತಾರೆ.

ನಾನು ಹೇಳಹೊರಟಿರುವುದು ಬೇವೂರಿನ ಒಂದು ಮದುವೆಯ ಮಾತು. ಹೆಣ್ಣು ಬೇವೂರಿನದು, ಗಂಡು ಗಂಗಾವತಿಯದು. ಶೂಟಿಂಗ್ ಮಾಡಿದವನು ನನಗೆ ಕೆಲಸ ಕೊಡುವ ಕೊಪ್ಪಳದ ಫೋಟೋಗ್ರಾಫರ್. ಹುಡುಗಿಯ ತಾಯಿ ಮದುವೆಗೆ ಕೆಲವು ತಿಂಗಳು ಮುಂಚೆ ತೀರಿಕೊಂಡಿದ್ದರು. ನಮ್ಮ ಕಡೆಯ ಮದುವೆ ವಿಡಿಯೋಗಳಲ್ಲಿ ಇದಕ್ಕೊಂದು ಪದ್ಧತಿಯಿದೆ. ಹೆತ್ತವರಲ್ಲಿ ಯಾರಾದರೂ ಇಲ್ಲದಿದ್ದರೆ, ಅಕ್ಕಿಕಾಳು, ಎಂದರೆ ಅಕ್ಷತೆ, ಬೀಳುವ ಹೊತ್ತಿಗೆ ಅವರ ಫೋಟೋ ಮೇಲಿಂದ ನಿಧಾನಕ್ಕೆ ಇಳಿದು ಬಂದು ಮಕ್ಕಳ ನೆತ್ತಿಯ ಮೇಲೆ ನಿಲ್ಲಬೇಕು. ಸುತ್ತ ಬೆಳಕಿನ ಪ್ರಭೆ, ಮೇಲೆ ಹೂವಿನ ಮಳೆ. ದೊಡ್ಡ ಪಟ್ಟಣದ ಎಡಿಟರುಗಳು ಇದನ್ನು ನೋಡಿ ನಗುತ್ತಾರೆ. ನಗಲಿ ಬಿಡಿ. ಆ ಜಾಗದಲ್ಲಿ ಮನೆಮಂದಿಯೆಲ್ಲ ಸೆರಗು ಬಾಯಿಗೆ ಹಚ್ಚಿಕೊಂಡು ಕೂತಿರುವುದನ್ನು ಅವರು ನೋಡಿಲ್ಲ.

ತಾಯಿಯ ಫೋಟೋ ಹಚ್ಚಿ, ಪ್ರಭೆ ಹಚ್ಚಿ, ಹೂವು ಸುರಿಸಿ, ಎಲ್ಲ ಸರಿಯಿದೆ ಎಂದು ನೋಡಿ ರೆಂಡರಿಗೆ ಹಾಕಿದೆ. ರೆಂಡರ್ ಎಂದರೆ, ತುಂಡು ತುಂಡಾಗಿ ಜೋಡಿಸಿಟ್ಟ ಚಿತ್ರ, ಹಾಡು, ಅಕ್ಷರ ಎಲ್ಲವನ್ನೂ ಯಂತ್ರ ಒಂದೇ ವಿಡಿಯೋ ಆಗಿ ಬೇಯಿಸಿ ಕೊಡುವ ಕೆಲಸ. ಗಂಟೆಗಟ್ಟಲೆ ಹಿಡಿಯುತ್ತದೆ. ನಾನು ಒಲೆಯ ಮೇಲೆ ಬೇಳೆ ಇಟ್ಟು ಬಂದು ನೋಡಿದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ನೂರಕ್ಕೆ ಎಪ್ಪತ್ತೊಂದರಲ್ಲಿ ನಿಂತಿತ್ತು. ಬೇಳೆ ಬೆಂದು, ಆರಿ, ನಾನು ಉಂಡು ಎದ್ದ ಮೇಲೂ ಎಪ್ಪತ್ತೊಂದೇ. ದೋಷವೇನೆಂದು ಯಂತ್ರ ಹೇಳುತ್ತಿರಲಿಲ್ಲ. ಒಳಗಿನ ಫ್ಯಾನು ಮಾತ್ರ ಏದುಸಿರು ಬಿಡುತ್ತಿತ್ತು.

ಮೊದಲ ಮದ್ದು ಎಲ್ಲರಿಗೂ ಗೊತ್ತಿರುವುದೇ. ಮುಚ್ಚಿ ತೆರೆದೆ. ಮತ್ತೆ ಎಪ್ಪತ್ತೊಂದು. ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಕೂಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲುಗಳನ್ನೆಲ್ಲ ಅಳಿಸಿದೆ, ಡಿಸ್ಕಿನಲ್ಲಿ ಜಾಗ ಮಾಡಿದೆ, ಹಳೆಯ ಮದುವೆಗಳನ್ನು ಬೇರೆ ಡಿಸ್ಕಿಗೆ ಸಾಗಿಸಿದೆ. ಎಪ್ಪತ್ತೊಂದು. ಬಿಸಿಲಿಗೆ ಕಾದಿರಬೇಕೆಂದು ಡಬ್ಬಿಯ ಬದಿಯ ಮುಚ್ಚಳ ತೆಗೆದೆ. ಒಳಗೆ ರಾಶಿ ಮಾಡಿದ ಕಣದಷ್ಟು ಧೂಳು. ಬ್ರಷ್ಷಿನಿಂದ ಬಳಿದು, ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿ ಇಟ್ಟು, ನಾನು ಬೆವರುತ್ತ ಕೂತೆ. ಯಂತ್ರ ತಣ್ಣಗಾಯಿತು. ತಣ್ಣಗೇ ಎಪ್ಪತ್ತೊಂದರಲ್ಲಿ ನಿಂತಿತು.

ಆಗ ನನ್ನ ಸಂಶಯ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೋಯಿತು. ಅದನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರನ್ನು ಹೊಸದು ಹಾಕಿ ನೋಡಿದೆ, ಹಳೆಯದಕ್ಕೆ ಮರಳಿ ನೋಡಿದೆ. ಕೊನೆಗೆ ಕಾರ್ಡಿನ ಸಹಾಯವೇ ಬೇಡವೆಂದು ಆ ಆಯ್ಕೆಯನ್ನು ಬಂದ್ ಮಾಡಿ, ಬರೀ ಪ್ರೊಸೆಸರಿನ ಮೇಲೆ ಬಿಟ್ಟೆ. ಎತ್ತಿನ ಬಂಡಿಯಂತೆ ತೆವಳಿಕೊಂಡು ಹೋಗಿ ಅದೇ ಜಾಗದಲ್ಲಿ ಕೂತಿತು. ಒಂದು ರೀತಿಯಲ್ಲಿ ಸಮಾಧಾನವಾಯಿತು. ಯಾವ ದಾರಿಯಲ್ಲಿ ಹೋದರೂ ಅದೇ ಜಾಗದಲ್ಲಿ ಬೀಳುತ್ತಿದೆ ಎಂದರೆ ತಪ್ಪು ಯಂತ್ರದ್ದಲ್ಲ, ಮದುವೆಯದು.

ಮದುವೆಯನ್ನು ಎರಡು ಹೋಳು ಮಾಡಿದೆ. ಮೊದಲ ಹೋಳು ಸುಖವಾಗಿ ರೆಂಡರ್ ಆಯಿತು. ಎರಡನೆಯದು ನಿಂತಿತು. ಅದನ್ನು ಮತ್ತೆ ಎರಡು ಮಾಡಿದೆ, ನಿಂತ ಹೋಳನ್ನು ಮತ್ತೆ ಎರಡು ಮಾಡಿದೆ. ಹೀಗೆ ಕಿರಿದು ಮಾಡುತ್ತ ಬಂದು, ಎರಡನೆಯ ದಿನದ ಮಧ್ಯಾಹ್ನಕ್ಕೆ, ಅಕ್ಕಿಕಾಳು ಬೀಳುವ ಜಾಗಕ್ಕೆ ಬಂದು ಮುಟ್ಟಿದೆ. ಅಲ್ಲಿಂದ ಒಂದೊಂದೇ ಪದರ ಕಿತ್ತೆ. ಹೂವಿನ ಮಳೆ ತೆಗೆದೆ, ನಿಂತಿತು. ಮಂಗಲಾಷ್ಟಕದ ಧ್ವನಿ ತೆಗೆದೆ, ನಿಂತಿತು. ಪ್ರಭೆ ತೆಗೆದೆ, ನಿಂತಿತು. ತಾಯಿಯ ಫೋಟೋ ತೆಗೆದೆ. ನೀರು ಹರಿದ ಹಾಗೆ ಹೋಯಿತು.

ಅಷ್ಟರಲ್ಲಿ ಕೊಪ್ಪಳದ ಫೋಟೋಗ್ರಾಫರ್ ಫೋನ್ ಮಾಡಿ "ಆತೇನ್ರಿ ಅಕ್ಕಾರ?" ಎಂದ. ಇಲ್ಲ, ತಾಯಿ ಫೋಟೋ ಬರುವಲ್ಲಿ ನಿಲ್ಲುತ್ತಿದೆ, ಫೈಲಿನಲ್ಲಿ ಏನೋ ತೊಡಕಿದೆ, ಒಂದು ದಿನ ಕೊಡು ಎಂದೆ. ಅವನು ಹೂಂ ಎಂದು ಇಟ್ಟ. ಅವನ ಬಾಯಿ ಒಡಕು ಡೋಲು ಎಂಬುದು ನನಗೆ ಗೊತ್ತಿರಬೇಕಿತ್ತು.

ಸಂಜೆಗೆ ಪರಿಚಯವಿಲ್ಲದ ನಂಬರಿನಿಂದ ಫೋನ್ ಬಂತು. ದನಿ ಮಾತ್ರ ಚೆನ್ನಾಗಿ ಪರಿಚಯದ್ದು. ವಾರಗಟ್ಟಲೆ ನನ್ನ ಕೋಣೆಯಲ್ಲಿ ನಕ್ಕು, ಅತ್ತು, ಒಡಪು ಹಾಕಿ ಗಂಡನ ಹೆಸರು ಹೇಳಿದ ದನಿ.

"ಅಕ್ಕಾರ, ನಾ ಬೇವೂರಿನ ಮದುಮಗಳರಿ. ಫೋಟೋಗ್ರಾಫರ್ ಹೇಳಿದ್ರು, ನಮ್ಮವ್ವ ಬರೂ ಹೊತ್ತಿಗೆ ವಿಡಿಯೋ ನಿಂದರತೈತಂತ. ಖರೇ ಏನ್ರಿ?"

"ಖರೇ ಐತಿ. ಆದ್ರ ಅದು ಫೈಲಿನ ತೊಡಕವಾ. ಮಾಡತೀನಿ."

ಹಿಂದೆ ಎಲ್ಲೋ ಪಾತ್ರೆ ಬೀಳುವ ಸದ್ದು. ಆಮೇಲೆ ಪಿಸುದನಿಯಲ್ಲಿ ಕೇಳಿದಳು.

"ಅವ್ವ ಒಲ್ಲೆ ಅಂತಾಳೇನ್ರಿ?"

ಒಂದೊಂದೇ ಮಾತಾಗಿ ವಿಷಯ ಹೊರಬಿತ್ತು. ತಾಯಿಗೆ ತನ್ನ ತಮ್ಮನಿಗೇ ಮಗಳನ್ನು ಕೊಡಬೇಕೆಂಬ ಆಸೆ. ಹುಟ್ಟಿದಾಗಲೇ ಆಡಿಟ್ಟ ಮಾತಂತೆ. ಇವಳು ಒಲ್ಲೆ ಎಂದು, ಗಂಗಾವತಿಯ ಹುಡುಗನನ್ನು ತೋರಿಸಿದಳು. ಅಂದಿನಿಂದ ತಾಯಿ ಮಗಳ ಜೊತೆ ಮಾತು ಬಿಟ್ಟರು. ಬಯ್ಯಲೂ ಇಲ್ಲ. ಹಾಗೆ ಮಾತು ಬಿಟ್ಟಿದ್ದವರು ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದು ಹೋಗಿಬಿಟ್ಟರು. ಅಪ್ಪನೇ ಮುಂದೆ ನಿಂತು ಮಗಳು ತೋರಿಸಿದಲ್ಲಿಗೆ ಮದುವೆ ಮಾಡಿಕೊಟ್ಟ.

"ಇಲ್ಲಿ ಎಲ್ಲಾರೂ ಛಲೋ ಅದಾರ್ರಿ, ಅತ್ತಿಯಾರೂ ಛಲೋ. ಆದ್ರ ನಾ ನಿಂತ ನೆಲಾ ನಂದಲ್ಲ ಅನಸತೈತಿ. ಈಗ ನೋಡ್ರಿ, ಫೋಟೋದಾಗೂ ಅಕ್ಕಿಕಾಳು ಹಾಕಾಕ ಒಲ್ಲಳು."

ನಾನು ಒಂಟಿ ಹೆಂಗಸು, ತಾಯಿ ಮಗಳ ನಡುವೆ ಬಾಯಿ ಹಾಕಲು ಯಾರು? ನಾಳೆ ಫೋನ್ ಮಾಡುತ್ತೇನೆ ಎಂದಷ್ಟೇ ಹೇಳಿದೆ. ಫೋಟೋಗ್ರಾಫರನಿಗೆ ಮಾತ್ರ ಚೆನ್ನಾಗಿ ನೀರಿಳಿಸಿದೆ.

ಬೆಳಿಗ್ಗೆ ಮೊದಲ ಕೆಲಸವಾಗಿ ಆ ಫೋಟೋ ಫೈಲಿನ ಅಳತೆಯ ವಿವರ ತೆರೆದು ನೋಡಿದೆ. ಮೊದಲೇ ನೋಡಬೇಕಿತ್ತು. ಆದರೆ ಮದುವೆಯಲ್ಲಿ ತೊಂದರೆ ಕೊಡುವವರು ಯಾವಾಗಲೂ ಬದುಕಿರುವವರು, ಫೋಟೋದಲ್ಲಿರುವವರಲ್ಲ ಎಂಬುದು ನನ್ನ ಅನುಭವ. ಡ್ರೋನ್ ಚಿತ್ರಗಳು ಕಾಡುತ್ತವೆ, ಬೀಗರ ಮೊಬೈಲಿನ ತುಣುಕುಗಳು ಕಾಡುತ್ತವೆ, ಹಾರ ಹಾಕಿದ ಫೋಟೋಗಳು ಸುಮ್ಮನಿರುತ್ತವೆ. ಈ ಫೋಟೋದ ಉದ್ದಗಲ ನೋಡಿ ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅಂಕಿ ಮುಗಿಯುತ್ತಲೇ ಇರಲಿಲ್ಲ.

ಬೇವೂರಿಗೆ ಫೋನ್ ಹಚ್ಚಿ ಹುಡುಗಿಯ ಅಪ್ಪನನ್ನು ಕೇಳಿದೆ. ಫೋಟೋ ಎಲ್ಲಿಂದ ಕೊಟ್ಟಿರಿ?

"ಫ್ಲೆಕ್ಸಿನವರ ಕಡಿಂದ ಇಸಗೊಂಡು ಕೊಟ್ಟೀನ್ರಿ. ಆಕಿ ಹೋದಾಗ ಬಸ್ ಸ್ಟ್ಯಾಂಡಿನಾಗ ಕಟ್ಟಿದ್ವಲ್ಲರಿ, ಭಾವಪೂರ್ಣ ಶ್ರದ್ಧಾಂಜಲಿ ಅಂತ. ಅಷ್ಟು ಛಂದ ಫೋಟೋ ಆಕೀದು ಬ್ಯಾರೆ ಯಾವ್ದೂ ಇಲ್ಲ."

ಗುಟ್ಟು ಇಷ್ಟೇ. ನಮ್ಮ ಕಡೆ ಹುಟ್ಟಿದರೆ ಫ್ಲೆಕ್ಸ್, ಸತ್ತರೆ ಫ್ಲೆಕ್ಸ್. ಕುಷ್ಟಗಿಯ ಒಂದು ಫ್ಲೆಕ್ಸ್ ಅಂಗಡಿಯವನು ಆಳೆತ್ತರವನ್ನೂ ಮೀರಿದ ಬ್ಯಾನರಿಗೆ ಮಾಡಿದ ತಾಯಿಯ ಚಿತ್ರವನ್ನು, ಹಿನ್ನೆಲೆ ಮಾತ್ರ ಕತ್ತರಿಸಿ, ಅದೇ ಗಾತ್ರದಲ್ಲಿ ಕೊಟ್ಟಿದ್ದ. ನಾನು ಜೋಡಿಸುವಾಗ ಸಾಫ್ಟ್‌ವೇರ್ ಅದರ ಸಣ್ಣ ನಕಲನ್ನು ತೋರಿಸುತ್ತ ಸುಮ್ಮನಿತ್ತು. ರೆಂಡರ್ ಆಗುವಾಗ ಮಾತ್ರ ಮೂಲ ಫೈಲನ್ನೇ ಹೊತ್ತುಕೊಳ್ಳಬೇಕು. ಅದೂ ಆಕೆ ಇಳಿದು ಬರುವ ಪ್ರತಿಯೊಂದು ಚೌಕಟ್ಟಿಗೂ, ಎಂದರೆ ಫ್ರೇಮಿಗೂ, ಮತ್ತೆ ಮತ್ತೆ. ನನ್ನ ಬಡ ಯಂತ್ರದ ಮೆಮೊರಿ ತುಂಬಿ ಉಸಿರು ಕಟ್ಟುತ್ತಿತ್ತು. ಫೋಟೋವನ್ನು ಸಣ್ಣದು ಮಾಡಿ ಅದೇ ಜಾಗದಲ್ಲಿ ಇಟ್ಟೆ. ಎಪ್ಪತ್ತೊಂದು ದಾಟಿ, ನೂರಕ್ಕೆ ಹೋಗಿ, ಟಿಂಗ್ ಎಂದಿತು.

ಗಂಗಾವತಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಫ್ಲೆಕ್ಸ್, ಗಾತ್ರ, ಮೆಮೊರಿ. ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡಳು.

"ನನ್ನ ಮನಸ್ಸಿಗೆ ಹತ್ತಬಾರದಂತ ಹೇಳಾಕತ್ತೀರಿ ಅಕ್ಕಾರ. ಇರ್ಲಿ ಬಿಡ್ರಿ. ಅವ್ವನ್ನ ತಗದ ಬಿಡ್ರಿ ಅದರಾಗಿಂದ. ಒಲ್ಲದಾಕೀನ ಎಳದು ತರಬಾರದು."

ಕೆಲಸವೇನೋ ಮುಗಿದಿತ್ತು. ಡಿಸ್ಕನ್ನು ಬಸ್ಸಿಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಹುಡುಗಿ ಜೀವನಪೂರ್ತಿ ಎಪ್ಪತ್ತೊಂದರಲ್ಲಿ ನಿಂತುಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ನಾನು ಯಾರ ಮನೆಯ ವಿಷಯಕ್ಕೂ ಹೋಗುವವಳಲ್ಲ. ಅಂದು ಹೋದೆ. ಸರಿಯಾದದ್ದನ್ನು ಮತ್ತೆ ಕೆಡಿಸಿ, ಅವಳ ಕಣ್ಣೆದುರಿಗೇ ಯಂತ್ರವನ್ನು ನಿಲ್ಲಿಸಿ ತೋರಿಸಬೇಕೆಂದು ತೀರ್ಮಾನಿಸಿದೆ.

"ನಾಳೆ ಯಲಬುರ್ಗಾಕ್ಕ ಬಾ ತಂಗಿ. ತಗಿಯೂದಾದ್ರ ನೀನ ಕುಂತು ತಗಿಸು" ಎಂದೆ. ಕುಷ್ಟಗಿಯ ಫ್ಲೆಕ್ಸ್ ಅಂಗಡಿಗೂ ಫೋನ್ ಮಾಡಿ, ಅದೇ ಗಾತ್ರದ ಬೇರೆ ಯಾರದ್ದಾದರೂ ಚಿತ್ರವಿದ್ದರೆ ಕಳಿಸಲು ಹೇಳಿದೆ. ಯಾರದ್ದಾದರೂ ನಡೆಯುತ್ತದೆಯೇ ಎಂದು ಅವನು ಕೇಳಿದ. ನಡೆಯುತ್ತದೆ ಎಂದೆ.

ಮರುದಿನ ಬಿಸಿಲು ಏರುವ ಹೊತ್ತಿಗೆ ಅವಳು ಬಂದಳು. ಪರದೆಯ ಮೇಲೆ ಕಂಡದ್ದಕ್ಕಿಂತ ಗಿಡ್ಡ. ಹಸಿರು ಬಳೆ ಇನ್ನೂ ಕೈತುಂಬ ಇದ್ದವು. ಮುಖ ಮಾತ್ರ ಒಣಗಿತ್ತು. ಅವಳ ನಗು, ನಡಿಗೆ ಎಲ್ಲ ನನಗೆ ಗೊತ್ತು ಎಂಬುದನ್ನು ಮುಚ್ಚಿಡಲು ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ನನ್ನ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ. ಎದುರುಮನೆಯಿಂದ ಇನ್ನೊಂದನ್ನು ತಂದೆ.

ಮೊದಲು ಫ್ಲೆಕ್ಸ್ ಅಂಗಡಿಯವನು ಕಳಿಸಿದ ಚಿತ್ರವನ್ನು ತೆರೆದೆ. ಯಾರೋ ಪುಢಾರಿಯ ಜನ್ಮದಿನದ್ದು. ಕಪ್ಪು ಕನ್ನಡಕ, ಬಿಳಿ ಅಂಗಿ, ಕೈಯಲ್ಲಿ ಮೊಬೈಲು. ಆ ಮನುಷ್ಯನನ್ನು ಅವಳ ತಾಯಿಯ ಜಾಗದಲ್ಲಿ ಇಟ್ಟು, ಪ್ರಭೆ ಹಚ್ಚಿ, ಹೂವು ಸುರಿಸಿ ಓಡಿಸಿದೆ. ಮಂಗಲಾಷ್ಟಕ ಮೊಳಗುತ್ತಿದ್ದಂತೆ ಪುಢಾರಿ ಕಪ್ಪು ಕನ್ನಡಕದಲ್ಲಿ ಆಕಾಶದಿಂದ ಇಳಿದು ಮದುಮಕ್ಕಳ ನೆತ್ತಿಯ ಮೇಲೆ ನಿಂತ.

ಹುಡುಗಿ ಸೆರಗು ಬಾಯಿಗೆ ಇಟ್ಟುಕೊಂಡಳು. ತಡೆಯಲಾಗಲಿಲ್ಲ. "ಯವ್ವಾ, ಇವ ಯಾರ್ರೀ!" ಎಂದು ಕುರ್ಚಿ ಅಲುಗುವಂತೆ ನಕ್ಕಳು. ಆ ಕೋಣೆಯಲ್ಲಿ ನನ್ನ ಜೊತೆ ಇನ್ನೊಬ್ಬರು ನಕ್ಕು ಎಷ್ಟು ಕಾಲವಾಗಿತ್ತೋ.

"ಈಗ ರೆಂಡರಿಗೆ ಹಾಕತೀನಿ ನೋಡು."

ಆ ಹೋಳನ್ನಷ್ಟೇ ಹಾಕಿದೆ. ಪಟ್ಟಿ ಓಡಿತು. ಪುಢಾರಿ ಇಳಿಯುವ ಜಾಗಕ್ಕೆ ಬಂದು ಗಕ್ಕನೆ ನಿಂತಿತು. ಅವಳು ಪಟ್ಟಿಯನ್ನು ನೋಡುತ್ತ ಕೂತಳು. ಚಹಾ ಮುಗಿಯಿತು. ಪಟ್ಟಿ ಕದಲಲಿಲ್ಲ.

"ಇವನೂ ನನ್ನ ಲಗ್ನಕ್ಕ ಒಲ್ಲೆ ಅನ್ನಾಕತ್ತಾನೇನ್ರಿ?" ಎಂದಳು.

"ಹೂಂ. ಇವನ ಒಪ್ಪಿಗಿ ತಗೊಳ್ಳಲಾರದ ಲಗ್ನ ಆಗೀದಿ."

ಆಮೇಲೆ ಪುಢಾರಿಯನ್ನು ಕಿತ್ತು, ಸಣ್ಣದು ಮಾಡಿದ ತಾಯಿಯ ಫೋಟೋ ಇಟ್ಟೆ. ಪಟ್ಟಿ ತಡೆಯಿಲ್ಲದೆ ಕೊನೆ ಮುಟ್ಟಿತು. ತಾಯಿ ಇಳಿದು ಬಂದರು, ಅಕ್ಕಿಕಾಳು ಬಿದ್ದವು. ಹುಡುಗಿಯ ನಗು ಅಷ್ಟು ಹೊತ್ತಿಗೆ ಹೋಗಿತ್ತು. ಪರದೆಯನ್ನು ದಿಟ್ಟಿಸುತ್ತ ಹೇಳಿದಳು.

"ಬ್ಯಾಡ ಅಂದಾಕಿ ಅವ್ವ ಅಲ್ಲ. ಆತ್ರಿ, ನಂಬಿದೆ. ಆದ್ರ ಹೂಂ ಅಂತನೂ ಅಂದಿಲ್ಲಲ್ರಿ."

ಯಂತ್ರದ ತೊಡಕನ್ನು ಬಿಡಿಸಬಹುದು. ಸತ್ತವರ ಬಾಯಿಂದ ಹೂಂ ಎನ್ನಿಸುವ ಸಾಫ್ಟ್‌ವೇರ್ ಇಲ್ಲ. ಅವಳು ಪರದೆಯ ಹತ್ತಿರ ಮುಖ ತಂದು ಬೆರಳಿಟ್ಟಳು.

"ಈ ಸೀರಿ ಅವ್ವಂದಲ್ಲ. ಈ ಸರಾನೂ ಅಲ್ಲ. ಕೈ ನೋಡ್ರಿ, ಎಷ್ಟು ನುಣ್ಣಗ ಅದಾವ. ಮುಖ ಒಂದ ಆಕೀದು. ಉಳಿದದ್ದು ಯಾರದ್ದೋ."

ಫ್ಲೆಕ್ಸ್ ಅಂಗಡಿಗಳಲ್ಲಿ ಹಾಗೆಯೇ. ಗುರುತಿನ ಚೀಟಿಯ ಮುಖವನ್ನು ರೇಷ್ಮೆ ಸೀರೆ ಉಟ್ಟ ಯಾವುದೋ ಮೈಗೆ ಕೂಡಿಸುತ್ತಾರೆ. ನಿಮ್ಮ ಅವ್ವನ ಬೇರೆ ಚಿತ್ರ ಒಂದೂ ಇಲ್ಲವೇ ಎಂದು ಕೇಳಿದೆ. ಫೋನ್ ತೆಗೆದು ಒಂದು ತುಣುಕು ತೋರಿಸಿದಳು. ಮಾತು ಬಿಟ್ಟಿದ್ದ ದಿನಗಳದ್ದು. ಅವ್ವ ಎಷ್ಟು ಸಿಟ್ಟಾಗಿದ್ದಾಳೆ ನೋಡು ಎಂದು ಗಂಗಾವತಿಯ ಹುಡುಗನಿಗೆ ಕಳಿಸಲು ಕದ್ದು ತೆಗೆದದ್ದು. ಒಲೆಯ ಮುಂದೆ ಕೂತ ಹೆಂಗಸು ರೊಟ್ಟಿ ಬಡಿಯುತ್ತಿದ್ದಾರೆ. ಮುಖ ಅರೆಬರೆ ಕಾಣುತ್ತದೆ. ಮಗಳ ಕಡೆ ನೋಡದೆ, ಬೆಂದ ರೊಟ್ಟಿಯನ್ನು ತಟ್ಟೆಗೆ ಎಸೆದು ತಟ್ಟೆಯನ್ನು ನೆಲದ ಮೇಲೆ ಸರ್ರೆಂದು ತಳ್ಳುತ್ತಾರೆ.

"ನೋಡಿದ್ರಿಲ್ಲ, ನಾಯಿಗೆ ತಳ್ಳಿದಂಗ ತಳ್ಳತಾಳ" ಎಂದು ಅವಳು ಅಲ್ಲಿಗೇ ಬೆರಳಿಟ್ಟು ನಿಲ್ಲಿಸಿದಳು.

ಯಾವ ತುಣುಕನ್ನೂ ಕೊನೆಯ ಚೌಕಟ್ಟಿನವರೆಗೆ ನೋಡದೆ ಬಿಡುವುದು ನನ್ನಿಂದಾಗದು. ಕಸುಬಿನ ಚಟ ಅದು. ಕೊನೆಯಲ್ಲಿ ಏನೂ ಇರುವುದಿಲ್ಲ, ಕ್ಯಾಮೆರಾ ಕೆಳಗಿಳಿದು ಕಾಲು, ನೆಲ, ಕತ್ತಲೆ ಕಾಣುತ್ತದೆ ಅಷ್ಟೇ. ಆದರೂ ನೋಡುತ್ತೇನೆ. ತುಣುಕನ್ನು ಕಂಪ್ಯೂಟರಿಗೆ ಹಾಕಿಸಿಕೊಂಡೆ. ಮೊಬೈಲಿನ ತುಣುಕುಗಳ ವೇಗ ಒಂದೇ ಸಮ ಇರುವುದಿಲ್ಲ. ಹಾಗೇ ಸೇರಿಸಿದರೆ ಅದೂ ಎಲ್ಲಾದರೂ ತೊಡರುತ್ತದೆ. ಅದಕ್ಕೆ ಮೊದಲು ಬೇರೆ ಸಾಧನದಲ್ಲಿ ಹಾಯಿಸಿ ವೇಗ ಸರಿಪಡಿಸಿದೆ. ಆಮೇಲೆ ದೊಡ್ಡ ಪರದೆಯಲ್ಲಿ ಓಡಿಸಿದೆ.

ತಟ್ಟೆ ಸರಿದು ಬರುತ್ತದೆ. ಹುಡುಗಿ ಫೋನನ್ನು ತೊಡೆಯ ಮೇಲೆ ಇಳಿಸುತ್ತಾಳೆ, ನಿಲ್ಲಿಸಲು ಮರೆತಿದ್ದಾಳೆ. ನೆಲ ಕಾಣುತ್ತದೆ, ತಟ್ಟೆಯ ಅಂಚು ಕಾಣುತ್ತದೆ. ಹಾಗೇ ಕೆಲವು ಕ್ಷಣ. ಆಮೇಲೆ ಚೌಕಟ್ಟಿನ ಒಳಗೆ ಒಂದು ಕೈ ಬರುತ್ತದೆ. ಹಿಟ್ಟು ಮೆತ್ತಿದ, ಒಲೆಗೆ ಸುಟ್ಟ ಕಲೆಗಳಿರುವ ಕೈ. ತಟ್ಟೆಯಲ್ಲಿದ್ದ ಹೊತ್ತಿದ ರೊಟ್ಟಿಯನ್ನು ವಾಪಸು ತೆಗೆದುಕೊಂಡು, ಉಬ್ಬಿದ ಇನ್ನೊಂದನ್ನು ಇಡುತ್ತದೆ. ಅದರ ಮೇಲೆ ಬೆಣ್ಣೆಯ ಉಂಡೆಯೊಂದನ್ನು ಇಟ್ಟು, ಕರಗುವಂತೆ ಬೆರಳಿನಿಂದ ಒತ್ತಿ ಸವರುತ್ತದೆ. ಅಲ್ಲಿಗೆ ತುಣುಕು ಮುಗಿಯುತ್ತದೆ.

"ಇನ್ನೊಮ್ಮೆ ಹಾಕ್ರಿ" ಎಂದಳು.

ಹಾಕಿದೆ. ಮತ್ತೂ ಹಾಕಿದೆ. ಅವಳು ಬಲಗಣ್ಣನ್ನು ಮೊದಲು ಒರೆಸಿಕೊಂಡಳು. ಅದು ನನಗೆ ಗೊತ್ತಿತ್ತು. ಇದು ಒಪ್ಪಿಗೆ ಎಂದು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

"ಆ ಬೆಣ್ಣಿ ರೊಟ್ಟಿ ನಾ ತಿಂದಿದ್ದೆ" ಎಂದಳು ಆಮೇಲೆ. "ಸಿಟ್ಟಿನಾಗ ನೋಡಲಾರದ ತಿಂದಿದ್ದೆ. ಆಕಾಶದಾಗಿಂದ ಅವ್ವನ್ನ ಇಳಸೂದು ಬ್ಯಾಡ್ರಿ ಅಕ್ಕಾರ. ಅಕ್ಕಿಕಾಳಿನ ಮುಂಚೆ ಈ ಕೈ ಹಾಕ್ರಿ. ಹಾಡು ಬ್ಯಾಡ. ರೊಟ್ಟಿ ಬಡಿಯೂ ಸಪ್ಪಳ ಒಂದ ಇರ್ಲಿ."

ಮಧ್ಯಾಹ್ನದ ಬಸ್ಸಿಗೆ ಅವಳನ್ನು ಕಳಿಸಿ ಬಂದೆ. ರೇಷ್ಮೆ ಸೀರೆಯ ತಾಯಿಯನ್ನು ತೆಗೆದೆ, ಪ್ರಭೆ ತೆಗೆದೆ, ಕೈಯನ್ನು ಇಟ್ಟೆ. ರೆಂಡರಿಗೆ ಹಾಕಿ ಎರಡೂ ಕುರ್ಚಿಗಳ ನಡುವೆ ನಿಂತುಕೊಂಡು ನೋಡಿದೆ. ಎಪ್ಪತ್ತೊಂದು ಬಂತು, ಹೋಯಿತು. ಎರವಲು ತಂದ ಕುರ್ಚಿಯನ್ನು ಎದುರುಮನೆಗೆ ಕೊಟ್ಟು ಬಂದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾದಂತೆ ಅನಿಸಿತು. ಬೇಸರವಾಯಿತು. ಸುಳ್ಳೇಕೆ ಹೇಳಲಿ, ಬಹಳ ಬೇಸರವಾಯಿತು.

ಡಿಸ್ಕ್ ಕೊಪ್ಪಳಕ್ಕೆ ಹೋಗಿ, ಅಲ್ಲಿಂದ ಗಂಗಾವತಿ ಮುಟ್ಟಿ ಒಂದೆರಡು ದಿನವಾದ ಮೇಲೆ ಫೋನ್ ಬಂತು. ನಾನು ಇನ್ನೊಂದು ಮದುವೆಯ ಮಧ್ಯದಲ್ಲಿದ್ದೆ.

"ಎಲ್ಲಾರೂ ಕುಂತು ನೋಡಿದ್ವಿ ಅಕ್ಕಾರ. ಈ ರೊಟ್ಟಿ ಬಡಿಯೂ ಕೈ ಯಾರದಂತ ಅತ್ತಿಯಾರು ಕೇಳಿದ್ರು. ನಮ್ಮವ್ವಂದು ಅಂದೆ. ಅಷ್ಟ ಅಂದೆ, ಮತ್ತೇನೂ ಹೇಳಲಿಲ್ಲ. ಅವರು ಅಡಗಿ ಮನಿಗೆ ಹೋಗಿ ಒಂದು ರೊಟ್ಟಿಗೆ ಬೆಣ್ಣಿ ಹಚ್ಚಿಕೊಂಡು ಬಂದು ನನ್ನ ಮುಂದ ಇಟ್ರು."

ಒಳ್ಳೇದಾತು ಎಂದೆ. ಕೆಲಸ ಮುಗಿದ ಮೇಲೆ ಬರುವ ಫೋನು ಅಲ್ಲಿಗೆ ಮುಗಿಯಬೇಕು. ನಾನು ಇಡಲು ಹೊರಟಿದ್ದೆ.

"ಅಕ್ಕಾರ, ಊಟಾತೇನ್ರಿ?"

ನಮ್ಮ ಕಡೆ ಇದನ್ನು ಎಲ್ಲರೂ ಎಲ್ಲರಿಗೂ ಕೇಳುತ್ತಾರೆ. ಆತು ಎನ್ನುವುದು ರೂಢಿ, ಉಂಡಿರಲಿ ಬಿಡಲಿ. ಆದರೆ ಈ ನಂಬರಿಗೆ ಫೋನ್ ಮಾಡುವವರು ವಿಡಿಯೋ ಆಯಿತೇ ಎಂದು ಕೇಳುತ್ತಾರೆಯೇ ಹೊರತು ಇದನ್ನು ಕೇಳಿದವರು ನೆನಪಿಲ್ಲ. ಗೋಡೆಯ ಮೂಲೆಯಲ್ಲಿ, ಪೇಟೆಯಿಂದ ತಂದ ಒಣ ಕಡಕ್ ರೊಟ್ಟಿಯ ಕಟ್ಟು ಬಿಚ್ಚದೆ ಹಾಗೇ ಇತ್ತು.

"ಇಲ್ಲ ತಂಗಿ" ಎಂದೆ. "ಇನ್ನೂ ಇಲ್ಲ."

"ಹಂಗಾರ ಮದ್ಲ ಏಳ್ರಿ. ಬಿಸಿ ರೊಟ್ಟಿ ಮಾಡ್ಕೋರಿ. ನಾ ಫೋನ್ ಇಡೂದಿಲ್ಲ."

ನಾನು ಎದ್ದೆ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿ, ಒಲೆ ಹಚ್ಚಿ, ಹಿಟ್ಟಿಗೆ ಬಿಸಿನೀರು ಹಾಕಿದೆ. ಆ ಕಡೆಯಿಂದ ಅವಳು ಮಾತಾಡಲಿಲ್ಲ, ಇಡಲೂ ಇಲ್ಲ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವನ್ನು ಇಬ್ಬರು ಕೇಳಿದೆವು.